ಬೋಟಿನ ಬೆಲೆಯೂ ವಿಮೆಯ ಮೊತ್ತವೂ

ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳು ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ಹೊರಡುವಂತಿಲ್ಲ. ಈ 61 ದಿನಗಳ ನಿಷೇಧ ಮಲ್ಪೆ, ಗಂಗೊಳ್ಳಿ, ಮಂಗಳೂರುಗಳ ಬೋಟು ಮಾಲೀಕರಿಗೆ ಆದಾಯವಿಲ್ಲದ ಅವಧಿಯಾದರೂ, ಬೋಟನ್ನು ದಡಕ್ಕೆಳೆದು ಅದರ ಸ್ಥಿತಿಯನ್ನೂ ಬೆಲೆಯನ್ನೂ ತಜ್ಞರಿಂದ ಗೊತ್ತುಮಾಡಿಸಿಕೊಳ್ಳಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಕಾಲ ಬೇರೊಂದಿಲ್ಲ. ತೇಲುತ್ತಿರುವ ಬೋಟನ್ನು ದಕ್ಕೆಯ ಮೇಲಿಂದಲೇ ನೋಡಿ ಬರೆದ ವರದಿಗೆ ಶುಲ್ಕ ತೆರುವುದು ವ್ಯರ್ಥ, ಏಕೆಂದರೆ ಬೆಲೆ ತಗ್ಗಿಸುವ ದೊಡ್ಡ ದೋಷಗಳು ಹೆಚ್ಚಾಗಿ ನೀರಿನ ಮಟ್ಟಕ್ಕಿಂತ ಕೆಳಗಿರುತ್ತವೆ.

ಈ ತಪಾಸಣೆ ನಡೆಸುವವರನ್ನು ಸರ್ವೇಯರ್ ಎನ್ನುತ್ತಾರೆ. ಮರದ ಬೋಟಾದರೆ ಅವರು ಹಲಗೆಗಳನ್ನು ಸುತ್ತಿಗೆಯಿಂದ ತಟ್ಟುತ್ತ, ಸದ್ದು ಮಂಕಾದ ಕಡೆ ಚೂಪಾದ ಸಲಾಕೆಯಿಂದ ಚುಚ್ಚಿ, ಮರ ಕೊರೆಯುವ ಕಡಲಹುಳು ಒಳಗೊಳಗೇ ತೋಡಿದ ಸುರಂಗಗಳನ್ನು ಪತ್ತೆಮಾಡುತ್ತಾರೆ. ಉಕ್ಕಿನ ಬೋಟಿನಲ್ಲಿ ಶ್ರವಣಾತೀತ ಧ್ವನಿಯ ಉಪಕರಣದಿಂದ ತಗಡಿನ ಉಳಿದಿರುವ ದಪ್ಪವನ್ನು ಅಳೆಯುವುದರ ಜೊತೆಗೆ, ಉಕ್ಕಿನ ಬದಲು ತಾವೇ ಸವೆದು ಅದನ್ನು ಕಾಪಾಡಲೆಂದು ತಳಕ್ಕೆ ಜೋಡಿಸಿದ ಸತುವಿನ ತುಂಡುಗಳನ್ನೂ ಪರೀಕ್ಷಿಸುತ್ತಾರೆ. ಫೈಬರ್ ಬೋಟಿನಲ್ಲಿ ಪದರಗಳೊಳಗೆ ನೀರು ಸೇರಿ ಎದ್ದ ಗುಳ್ಳೆಗಳನ್ನು ಹುಡುಕುತ್ತಾರೆ. ಎಂಜಿನ್, ಗೇರ್‌ಬಾಕ್ಸ್, ಶಾಫ್ಟ್, ಚುಕ್ಕಾಣಿ, ವಿಂಚ್‌ಗಳ ಪರೀಕ್ಷೆಯೂ ನಡೆಯುತ್ತದೆ.

ಆದರೆ ವರದಿಯ ಕೊನೆಯಲ್ಲಿ ಬರುವ ಬೆಲೆ ಯಾವ ಬಗೆಯದೆಂಬುದನ್ನು ಅನೇಕ ಮಾಲೀಕರು ಗಮನಿಸುವುದಿಲ್ಲವೆಂಬುದು ಈ ಅಂಕಣಕಾರರ ಅನುಭವ. ಅಂಥದೇ ಹೊಸ ಬೋಟು ಕಟ್ಟಿಸಲು ತಗಲುವ ವೆಚ್ಚ, ಆತುರವಿಲ್ಲದೆ ಮಾರಿದಾಗ ದೊರೆಯುವ ಮಾರುಕಟ್ಟೆ ಬೆಲೆ, ಸಾಲ ತೀರದೆ ತುರ್ತಾಗಿ ಹರಾಜು ಹಾಕಿದಾಗ ಬರಬಹುದಾದ ಬೆಲೆ, ಇವು ಬೇರೆಬೇರೆ ಅಂಕಿಗಳು. ಸಾಲ ಕೊಡುವ ಬ್ಯಾಂಕು ತನ್ನ ಸುರಕ್ಷತೆಗಾಗಿ ಕೊನೆಯ ಅಂಕಿಯ ಮೇಲೆ ಕಣ್ಣಿಡುವುದು ಸಹಜ. ವಿಮೆಗೂ ಅದೇ ಅಂಕಿಯನ್ನು ಎತ್ತಿಕೊಳ್ಳುವುದು ಮಾಲೀಕರಿಗೆ ಹಾನಿಕರ.

ಭಾರತದ 1963ರ ಸಾಗರ ವಿಮಾ ಕಾಯ್ದೆಯ ಪ್ರಕಾರ, ವಿಮಾ ಸಂಸ್ಥೆಯೂ ಮಾಲೀಕರೂ ಮೊದಲೇ ಒಪ್ಪಿದ ಬೆಲೆಯನ್ನು ಪಾಲಿಸಿಯಲ್ಲಿ ನಮೂದಿಸಿದ್ದರೆ, ವಂಚನೆ ನಡೆದಿರದ ಪಕ್ಷದಲ್ಲಿ ನಷ್ಟದ ನಂತರ ಆ ಬೆಲೆಯನ್ನು ಪ್ರಶ್ನಿಸುವಂತಿಲ್ಲ. ಸರ್ವೇಯರ್ ವರದಿಯ ನಿಜವಾದ ಪ್ರಯೋಜನ ಇಲ್ಲಿದೆ: ಒಪ್ಪಿತ ಬೆಲೆಗೆ ಅದು ಆಧಾರ ಒದಗಿಸುತ್ತದೆ. ಒಪ್ಪಿತ ಬೆಲೆ 80 ಲಕ್ಷ ರೂಪಾಯಿ ಇದ್ದು, ಕಂತಿನ ಹಣ ಉಳಿಸಲೆಂದು 60 ಲಕ್ಷಕ್ಕಷ್ಟೇ ವಿಮೆ ಮಾಡಿಸಿದರೆ, ಉಳಿದ ಕಾಲುಭಾಗಕ್ಕೆ ಮಾಲೀಕರೇ ತಮಗೆ ತಾವು ವಿಮಾದಾರರೆಂದು ಕಾನೂನು ಭಾವಿಸುತ್ತದೆ. ಆದ್ದರಿಂದ 8 ಲಕ್ಷದ ದುರಸ್ತಿಗೆ, ಇತರ ಕಡಿತಗಳನ್ನು ಬಿಟ್ಟರೂ, 6 ಲಕ್ಷವಷ್ಟೇ ಸಿಗುತ್ತದೆ. ಇದು ಬಂಡೆಗೆ ತಾಗಿ ತಳ ಒಡೆದುಕೊಂಡ ಮೇಲೆ ತಿಳಿಯಬಾರದ ಸಂಗತಿ. ಬಲೆಗಳೂ ಮೀನುಗಾರಿಕೆಯ ಸಲಕರಣೆಗಳೂ ಈ ಮೊತ್ತದಲ್ಲಿ ಸೇರಿವೆಯೇ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಬೇಕು.

ವರದಿಯಲ್ಲಿ ಬೆಲೆಯಷ್ಟೇ ಮಹತ್ವದ ಇನ್ನೊಂದು ಭಾಗವೆಂದರೆ, ಸರಿಪಡಿಸಬೇಕಾದ ದೋಷಗಳ ಪಟ್ಟಿ. ನಿರ್ದಿಷ್ಟ ಅವಧಿಗೆ ಮಾಡಿಸಿದ ವಿಮೆಯಲ್ಲಿ, ಬೋಟು ಕಡಲಿಗೆ ಯೋಗ್ಯವಲ್ಲವೆಂದು ತಿಳಿದೂ ಮಾಲೀಕರು ಅದನ್ನು ಕಳುಹಿಸಿದ್ದರೆ, ಆ ದೋಷದಿಂದಾದ ನಷ್ಟಕ್ಕೆ ವಿಮಾ ಸಂಸ್ಥೆ ಹೊಣೆಯಲ್ಲವೆಂದು ಅದೇ ಕಾಯ್ದೆ ಹೇಳುತ್ತದೆ. ವರದಿ ಕೈಸೇರಿದ ಬಳಿಕ ತಿಳಿದಿರಲಿಲ್ಲವೆಂಬ ಮಾತು ನಿಲ್ಲುವುದು ಕಷ್ಟ. ಅದಕ್ಕಿಂತ ದೊಡ್ಡದು, ಆ ಬೋಟಿನಲ್ಲಿ ಹೋಗುವ ತಂಡೇಲರ ಮತ್ತು ಕಲಾಸಿಗಳ ಜೀವದ ಪ್ರಶ್ನೆ. ಹಾಗಾಗಿ ಸವೆದ ಶಾಫ್ಟನ್ನೋ ಹುಳು ಹಿಡಿದ ಹಲಗೆಯನ್ನೋ ಬದಲಿಸಿದ ಬಿಲ್ಲುಗಳನ್ನು ಛಾಯಾಚಿತ್ರಗಳೊಂದಿಗೆ ಕಾಪಿಟ್ಟು, ಅದೇ ಸರ್ವೇಯರ್‌ರಿಂದ ಮರುತಪಾಸಣೆ ಮಾಡಿಸಿ, ದೋಷ ನಿವಾರಣೆಯಾಗಿದೆಯೆಂಬ ಪತ್ರವನ್ನು ಪಡೆದು ಅದರ ಪ್ರತಿಯನ್ನು ಬ್ಯಾಂಕಿಗೂ ವಿಮಾ ಸಂಸ್ಥೆಗೂ ಸಲ್ಲಿಸಿ ಸ್ವೀಕೃತಿ ತೆಗೆದುಕೊಳ್ಳಬೇಕು.