ಸಹಿ ಹಾಕುವ ಮುನ್ನ ಉತಾರ ನೋಡಿ

ಸಾಲಹಳ್ಳಿಯ ಸಹೋದರಿಗೆ,

ಅಪ್ಪನ ಮಾಳಿಗೆ ಮನೆಯನ್ನು ಅಣ್ಣಂದಿರು ಬಾಜೂ ಮನೆಯವರಿಗೆ ಮಾರುತ್ತಿದ್ದಾರೆ, 'ನೀ ಬರೇ ಸಹಿ ಮಾಡು' ಅಂತಿದ್ದಾರೆ ಎಂದು ಬರೆದಿದ್ದೀರಿ. ಸದ್ಯ ಸಹಿ ಮಾಡಬೇಡಿ. ಮನೆ ಪಿತ್ರಾರ್ಜಿತವಾಗಿದ್ದರೆ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಂತೆ ನಿಮಗೂ ಅವರಷ್ಟೇ ಹಕ್ಕಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ವಾಟಣಿ (ಪಾಲು ವಿಭಾಗ) ಆಗಿದ್ದರೆ ಮಾತು ಬೇರೆ. ಅಪ್ಪ ಸ್ವತಃ ಗಳಿಸಿದ ಮನೆಯಾಗಿದ್ದು, ಮರಣಪತ್ರ ಬರೆಯದೆ ತೀರಿದ್ದರೂ ಮಕ್ಕಳೆಲ್ಲರಿಗೆ ಸಮಪಾಲು. ತಾಯಿ ಇದ್ದರೆ ಅವರಿಗೂ ಒಂದು ಪಾಲು.

ಗ್ರಾಮ ಪಂಚಾಯಿತಿಯಲ್ಲಿ ಇ-ಸ್ವತ್ತು ಉತಾರ ಕೇಳಿ. ಗ್ರಾಮಠಾಣಾ ಮನೆಗೆ ನಮೂನೆ 9 ಮತ್ತು 11ಎ ಬೇಕು. ಉತಾರದಲ್ಲಿ ಇನ್ನೂ ಅಪ್ಪನ ಹೆಸರೇ ಇದ್ದರೆ ವಾರಸಾ, ಅಂದರೆ ವಾರಸುದಾರರ ಹೆಸರು ಸೇರಿಸುವುದು, ಮೊದಲು ಆಗಲಿ. ರಾಮದುರ್ಗದ ಉಪನೋಂದಣಿ ಕಚೇರಿಯ ಮಾತು ಆಮೇಲೆ.

ಬೆಲೆಯ ಬಗ್ಗೆ: ಹಳ್ಳಿಯ ಹಳೇ ಮನೆಗೆ ಗಿರಾಕಿ ಕಡಿಮೆ, ಸಾಲವೂ ಸುಲಭಕ್ಕೆ ಸಿಗುವುದಿಲ್ಲ. ಬೆಲೆ ಇರುವುದು ಹಿತ್ತಲಿಗೆ, ರಸ್ತೆಗೆ ಮುಖಮಾಡಿದ ಜಾಗಕ್ಕೆ. ಹಾಗಾಗಿ ಅಳತೆ ಮಾಡಿಸದೆ ಒಪ್ಪಬೇಡಿ. ಪಾಲು ಬಿಡುವುದಾದರೂ ಅದು ನಿಮ್ಮ ಮನಸ್ಸಿನಿಂದ ಬರಲಿ, ಅವಸರದಿಂದಲ್ಲ. ತವರಿನ ಬಾಗಿಲು ಮುಚ್ಚೀತೆಂಬ ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಹಿರಿಯರೊಬ್ಬರನ್ನು ಕೂರಿಸಿಕೊಂಡೇ ಅಣ್ಣಂದಿರೊಂದಿಗೆ ಮಾತನಾಡಿ.