ಧಾರವಾಡ ಕೇಳುವ ಸಂಜೆ

ಅಕ್ಕಲಕೋಟದ ರಸಿಕರೇ, 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯನ್ನು ಮೀಡಿಯಂ ವೇವ್‌ನಲ್ಲಿ ಹುಡುಕುವವರು ಹೊತ್ತು ಮುಳುಗಲು ಬಿಡಿ. ಕತ್ತಲಾದ ಮೇಲೆ ಆ ಅಲೆಗಳು ಬಾನಿನ ಮೇಲ್ಪದರಕ್ಕೆ ತಾಗಿ ಮರಳಿ, ದೂರದೂರಿಗೂ ಮುಟ್ಟುತ್ತವೆ. ಮೊಬೈಲ್ ಚಾರ್ಜರು, ಎಲ್‌ಇಡಿ ದೀಪ ಆರಿಸಿರಿ, ಗೊರಗೊರ ಬಹಳಷ್ಟು ಅವುಗಳದ್ದೇ. ರೇಡಿಯೊವನ್ನು ಇಟ್ಟಲ್ಲೇ ಮೆಲ್ಲಗೆ ತಿರುಗಿಸಿ. ಒಳಗಿನ ಆಂಟೆನಾಕ್ಕೆ ದಿಕ್ಕಿನ ಹಟವಿದೆ. ಆದರೂ ಸಿಗದಿದ್ದರೆ ಆಕಾಶವಾಣಿಯ ಆ್ಯಪ್ ಇದೆ, ಸಂಕೋಚ ಬೇಡ.

ರೇಡಿಯೊದಲ್ಲಿ ಭಾಷಣ ಬಂತೆಂದು ಎದ್ದು ಹೋಗಬೇಡಿ. ಅದು ಮುಗಿದ ಮೇಲೆ ಗಾಯಕ ಮಲ್ಲಿಕಾರ್ಜುನ ಮನಸೂರರ ಹಳೆಯ, ನಿಮಿಷಕ್ಕೆ 78 ಸುತ್ತಿನ ಧ್ವನಿಮುದ್ರಿಕೆ ಹಚ್ಚಿ. ಒಂದು ಬದಿಗೆ ಸುಮಾರು ಮೂರೇ ನಿಮಿಷ; ರಾಗ ಅಷ್ಟರಲ್ಲೇ ಮೈದೋರಬೇಕು! ಇದೇ ಮನಸೂರರು ಮುಂದೆ ಧಾರವಾಡ ನಿಲಯದ ಸಂಗೀತ ಸಲಹೆಗಾರರೂ ಆದರು. ಬಳಿಕ ಅವರ ವಚನಗಾಯನ ಕೇಳಿ. ಮರಾಠಿ ಶಾಲೆಗೆ ಹೋಗುವ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ರಾಗದ ಹೆಸರು ಕೇಳಿ ಪೀಡಿಸದಿದ್ದರಾಯಿತು.