ಹುಳು ಮನೆಯ ನಿಯಮ ಮನುಷ್ಯರ ಮನೆಗೆ ಆಗಲ್ಲ

ನಮ್ಮ ಮನೆ ಇರೋದು ರಾಮನಗರದ ಹತ್ತಿರ, ಕೈಲಾಂಚ ಹೋಬಳಿಯ ಒಂದು ಹಳ್ಳಿಯಲ್ಲಿ. ಆ ಕಡೆಯ ತುಂಬಾ ಮನೆಗಳ ಹಾಗೆ ನಮ್ಮದೂ ರೇಷ್ಮೆ ಹುಳು ಸಾಕುವ ಮನೆ. ಕಳೆದ ವರ್ಷ ನಮ್ಮ ಚಿಕ್ಕಪ್ಪನಿಗೆ ಶ್ವಾಸಕೋಶದ ಟಿಬಿ, ಅಂದರೆ ಕ್ಷಯ, ಇದೆ ಅಂತ ಗೊತ್ತಾಯಿತು. ಮನೆಯಲ್ಲಿ ಒಟ್ಟು ಏಳು ಜನ. ಅದರಲ್ಲಿ ಚಿಕ್ಕಪ್ಪನ ಮಗಳಿಗೆ ನಾಲ್ಕೇ ವರ್ಷ. ಉಳಿದವರನ್ನು ಕಾಪಾಡೋದು ಹೇಗೆ ಅನ್ನೋ ಪ್ರಶ್ನೆಗೆ ನಾವು ಮೊದಲು ಕೊಟ್ಟ ಉತ್ತರ ತಪ್ಪಾಗಿತ್ತು. ಅದು ಯಾಕೆ ತಪ್ಪು ಅಂತ ಬರೆದರೆ ನಿಮಗೂ ಉಪಯೋಗ ಆಗಬಹುದು.

ನಾವು ಮೊದಲು ಮಾಡಿದ್ದು

ಅಂಟುರೋಗ ಅಂದರೆ ನಮಗೆ ಗೊತ್ತಿದ್ದದ್ದು ಹುಳುಗಳ ರೋಗ ಮಾತ್ರ. ಹಾಲು ತೊಂಡೆ ರೋಗ ಬಂದರೆ ಕಾಯಿಲೆ ಬಿದ್ದ ಹುಳುಗಳನ್ನು ಆರಿಸಿ ತೆಗೆಯಬೇಕು, ತಟ್ಟೆಗಳನ್ನೆಲ್ಲ ಬ್ಲೀಚಿಂಗ್ ಪೌಡರ್ ನೀರಲ್ಲಿ ತೊಳೆಯಬೇಕು, ಹೊರಗಿನವರನ್ನು ಒಳಗೆ ಬಿಡಬಾರದು. ಇದು ಸರಿಯಾದ ಕ್ರಮವೇ. ಅದನ್ನೇ ಚಿಕ್ಕಪ್ಪನಿಗೂ ಮಾಡಿದೆವು. ಹಿಂದಿನ ಸಣ್ಣ ಕೋಣೆ ಕೊಟ್ಟೆವು. ತಟ್ಟೆ, ಲೋಟ ಬೇರೆ ಇಟ್ಟೆವು. ದಿನಾ ನೆಲಕ್ಕೆ ಬ್ಲೀಚಿಂಗ್. "ಆ ಗಾಳಿ ಈ ಕಡೆ ಬರೋದು ಬೇಡ" ಅಂತ ಕಿಟಕಿ, ಬಾಗಿಲು ಎರಡನ್ನೂ ಮುಚ್ಚಿದೆವು. ಆ ಮುಚ್ಚಿದ ಕೋಣೆಗೆ ಚಿಕ್ಕಮ್ಮ ದಿನಕ್ಕೆ ಮೂರು ಸಲ ಊಟ ತಗೊಂಡು ಹೋಗ್ತಿದ್ದರು. ಹಿಂದೆಯೇ ಮಗು.

ರೋಗ ಬರುವ ದಾರಿ

ಮನೆಗೆ ಬಂದ ಆಶಾ ಕಾರ್ಯಕರ್ತೆ ಮೊದಲು ಮಾಡಿದ ಕೆಲಸ ಕಿಟಕಿ ತೆಗೆದದ್ದು. ಹಾಲು ತೊಂಡೆ ರೋಗದ ವೈರಸ್ ಸೊಪ್ಪಿನ ಜೊತೆ ಹುಳುವಿನ ಹೊಟ್ಟೆಗೆ ಹೋಗುತ್ತೆ. ಅದಕ್ಕೇ ಅಲ್ಲಿ ತೊಳೆಯೋದು ಮುಖ್ಯ. ಟಿಬಿ ಬ್ಯಾಕ್ಟೀರಿಯಾ ಬರೋದು ಗಾಳಿಯಿಂದ. ಕೆಮ್ಮಿದಾಗ ಹೊರಬರುವ ತೀರಾ ಸಣ್ಣ ಕಣಗಳು ನೆಲಕ್ಕೆ ಬೀಳದೆ ಗಂಟೆಗಟ್ಟಲೆ ತೇಲಬಲ್ಲವು. ಅವನ್ನು ಉಸಿರಾಡಿದರೆ ಸೋಂಕು. ತಟ್ಟೆ, ಲೋಟ, ಬಟ್ಟೆ, ಕೈಕುಲುಕೋದರಿಂದ ಇದು ಹರಡಲ್ಲ. ಅಂದರೆ ನಾವು ಹರಡದ ದಾರಿಯನ್ನೆಲ್ಲ ಬಂದ್ ಮಾಡಿ, ಹರಡುವ ದಾರಿಯನ್ನು ಇನ್ನಷ್ಟು ಗಟ್ಟಿ ಮಾಡಿದ್ದೆವು.

ಒಂದು ಸಣ್ಣ ಲೆಕ್ಕ

ಇಲ್ಲಿ ನಮ್ಮ ಎಂಜಿನಿಯರಿಂಗ್ ಮ್ಯಾಥ್ಸ್ ಕೆಲಸಕ್ಕೆ ಬರುತ್ತೆ. ಹೊಸ ಗಾಳಿ ಒಳಗೆ ಬಂದು ಚೆನ್ನಾಗಿ ಬೆರೆಯುತ್ತೆ ಅಂತ ಇಟ್ಟುಕೊಂಡರೆ, ಕೋಣೆಯಲ್ಲಿ ತೇಲುವ ಕಣಗಳು ಕಡಿಮೆ ಆಗೋದು ಎಕ್ಸ್‌ಪೊನೆನ್ಶಿಯಲ್ ಡಿಕೇ ರೀತಿ. 99% ಹೋಗಬೇಕು ಅಂದರೆ ನೂರರಲ್ಲಿ ಒಂದು ಉಳಿಯಬೇಕು. ನೂರರ ನ್ಯಾಚುರಲ್ ಲಾಗ್ ಸುಮಾರು 4.6. ಗಂಟೆಗೆ ಎಷ್ಟು ಸಲ ಕೋಣೆಯ ಗಾಳಿ ಬದಲಾಗುತ್ತೋ ಆ ಸಂಖ್ಯೆಯಿಂದ ಅದನ್ನು ಭಾಗಿಸಿ. ಗಂಟೆಗೆ 2 ಸಲ ಆದರೆ 138 ನಿಮಿಷ ಬೇಕು. 12 ಸಲ ಆದರೆ 23 ನಿಮಿಷ ಸಾಕು. ಎದುರುಬದುರಾಗಿ ಕಿಟಕಿ, ಬಾಗಿಲು ತೆಗೆದರೆ ಫ್ಯಾನು, ಯಂತ್ರ ಏನೂ ಇಲ್ಲದೆ ಇಷ್ಟು ಗಾಳಿ ಸಿಗಬಹುದು. ಪೆರು ದೇಶದ ಲಿಮಾ ನಗರದ ಆಸ್ಪತ್ರೆಗಳಲ್ಲಿ ಅಳೆದು, 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಿಟಕಿ ಬಾಗಿಲು ತೆರೆದ ಕೋಣೆಗಳಲ್ಲಿ ಸಿಕ್ಕ ಮಧ್ಯಮ ಲೆಕ್ಕ ಗಂಟೆಗೆ 28 ಸಲ.

ನಿಜವಾದ ಅಪಾಯದ ದಿನಗಳು

ಹಾಗಾದರೆ ಚಿಕ್ಕಪ್ಪನನ್ನು ಮನೆಯಿಂದ ದೂರ ಕಳಿಸಬೇಕಿತ್ತಾ? ಈ ಪ್ರಶ್ನೆಗೆ ನಮ್ಮ ದೇಶದಲ್ಲೇ ಉತ್ತರ ಸಿಕ್ಕಿದೆ. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಅಧ್ಯಯನದಲ್ಲಿ ಸುಮಾರು 190 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಒಂದು ವರ್ಷ ಸ್ಯಾನಟೋರಿಯಂನಲ್ಲಿ ಚಿಕಿತ್ಸೆ, ಇನ್ನೊಂದಕ್ಕೆ ಇಕ್ಕಟ್ಟಾದ ತಮ್ಮ ಮನೆಗಳಲ್ಲೇ. ಮಾತ್ರೆಗಳು ಒಂದೇ. ಗುಣವಾಗೋದರಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ಮನೆಯವರನ್ನು 5 ವರ್ಷ ಗಮನಿಸಿದಾಗಲೂ, ರೋಗಿ ಮನೆಯಲ್ಲೇ ಇದ್ದ ಕುಟುಂಬಗಳಲ್ಲಿ ಹೆಚ್ಚು ಜನಕ್ಕೆ ಟಿಬಿ ಬಂದಿರಲಿಲ್ಲ. ಮುಖ್ಯ ಅಪಾಯ ಇದ್ದದ್ದು ಚಿಕಿತ್ಸೆ ಶುರುವಾಗುವ ಮುಂಚಿನ ದಿನಗಳಲ್ಲಿ.

ಇದನ್ನು ಓದಿದಾಗ ನಮಗೆ ಹೊಟ್ಟೆಯಲ್ಲಿ ಕಲ್ಲು ಹಾಕಿದ ಹಾಗಾಯಿತು. ಚಿಕ್ಕಪ್ಪ ಎರಡೂವರೆ ತಿಂಗಳು ಕೆಮ್ಮಿದ್ದರು. ನಾವು ಅಂಗಡಿಯಿಂದ ಸಿರಪ್ ತಂದು ಕೊಡ್ತಾನೇ ಇದ್ದೆವು. ಮಗು ಅವರ ಪಕ್ಕದಲ್ಲೇ ಮಲಗ್ತಿತ್ತು. ಇದು ಹಳೇ ಕಥೆ. 1959ರಲ್ಲಿ ಬೆಂಗಳೂರಿನಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ಪಕ್ಕದ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿ, 1963ರಲ್ಲಿ ಪ್ರಕಟಿಸಿದ್ದೂ ಇದೇ ತರಹದ್ದು. ಹೆಚ್ಚಿನ ರೋಗಿಗಳಿಗೆ ತಮಗೆ ಏನೋ ಆಗಿದೆ ಅಂತ ಗೊತ್ತಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೂ ಹೋಗಿ ಬಂದಿದ್ದರು. ಆದರೆ ರೋಗ ಪತ್ತೆ ಆಗಿರಲಿಲ್ಲ.

ಆಮೇಲೆ ಮಾಡಿದ್ದು

ಚಿಕ್ಕಪ್ಪನ ಹಾಸಿಗೆ ಗಾಳಿ ಬೆಳಕು ಇರುವ ಹೊರಗಿನ ಜಗಲಿಗೆ ಬಂತು. ಮೊದಲ ಕೆಲವು ವಾರ ಒಳಗೆ ಬಂದಾಗ ಮಾಸ್ಕ್, ಕೆಮ್ಮುವಾಗ ಬಾಯಿಗೆ ಬಟ್ಟೆ, ಕಫಕ್ಕೆ ಮುಚ್ಚಳದ ಡಬ್ಬಿ. ಸರಿಯಾದ ಮಾತ್ರೆ ಶುರುವಾದರೆ ಸಾಮಾನ್ಯವಾಗಿ ಎರಡು ವಾರದ ಹೊತ್ತಿಗೆ ಹರಡುವ ಶಕ್ತಿ ತುಂಬಾ ಕಡಿಮೆ ಆಗುತ್ತೆ. ಆದರೆ ಮಾತ್ರೆ ಆರು ತಿಂಗಳು ಪೂರ್ತಿ ತಗೋಬೇಕು. ಎರಡೇ ತಿಂಗಳಿಗೆ ಕೆಮ್ಮು ನಿಂತಾಗ "ಇನ್ನು ಸಾಕು" ಅಂದರು ಚಿಕ್ಕಪ್ಪ. ಮಧ್ಯೆ ಬಿಟ್ಟರೆ ಔಷಧಿಗೆ ಬಗ್ಗದ ಟಿಬಿ ಬರಬಹುದು ಅಂತ ಅಜ್ಜಿ ದಿನಾ ರಾತ್ರಿ ಎದುರಿಗೆ ಕೂತು ನುಂಗಿಸಿದರು. ಉಳಿದ ಆರು ಜನಕ್ಕೂ ಪರೀಕ್ಷೆ ಆಯಿತು. ಮಗುವಿಗೆ ಕಾಯಿಲೆ ಇಲ್ಲ ಅಂತ ಖಚಿತವಾದ ಮೇಲೆ ಮುಂದೆ ಬರದ ಹಾಗೆ ತಡೆಯುವ ಮಾತ್ರೆ ಕೊಟ್ಟರು. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಮಾತ್ರೆ ಎಲ್ಲಾ ಉಚಿತ. ಪೌಷ್ಟಿಕ ಆಹಾರಕ್ಕೆ ಅಂತ 2018ರಿಂದ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1000 ಆಗಿದೆ.

ಕಷ್ಟವಾದದ್ದು ಊರಿಗೆ ಹೇಳೋದು. ನಾವು "ಉಬ್ಬಸ" ಅಂತ ಸುಳ್ಳು ಹೇಳಿದ್ದೆವು. ಆದರೆ ಗೂಡಿನ ಮಾರ್ಕೆಟ್‌ಗೆ ಚಿಕ್ಕಪ್ಪನ ಜೊತೆ ಒಂದೇ ಟೆಂಪೋದಲ್ಲಿ ಹೋಗ್ತಿದ್ದ ಇಬ್ಬರಿಗೆ ಪರೀಕ್ಷೆ ಆಗಬೇಕಿತ್ತಲ್ಲ? ನಾವು ಹಿಂದೆಮುಂದೆ ನೋಡ್ತಿದ್ದಾಗ ಚಿಕ್ಕಪ್ಪನೇ ಅವರ ಮನೆಗೆ ಹೋಗಿ, ಅಂಗಳದಲ್ಲೇ ನಿಂತು ಹೇಳಿ ಬಂದರು. ಇಬ್ಬರಿಗೂ ಏನೂ ಇರಲಿಲ್ಲ. ಒಬ್ಬರು ಕೆಲವು ವಾರ ಮಾತು ಬಿಟ್ಟರು, ಆಮೇಲೆ ಸರಿಹೋದರು.

ಈಗ ಚಿಕ್ಕಪ್ಪ ಗುಣವಾಗಿದ್ದಾರೆ. ಹುಳು ಮನೆಯಲ್ಲಿ ಬ್ಲೀಚಿಂಗ್ ಎಂದಿನ ಹಾಗೆ ನಡೀತಿದೆ, ಮನೆಯಲ್ಲಿ ಕಿಟಕಿ ತೆರೆದಿದೆ. ಹಾಸ್ಟೆಲ್‌ನಲ್ಲಿ ಒಂದು ರೂಮಿಗೆ ಮೂರು ಜನ ಇರೋ ನಮಗೂ ಇದು ದೂರದ ವಿಷಯ ಅಲ್ಲ. ರೂಮ್‌ಮೇಟ್‌ಗೆ ಎರಡು ವಾರ ಮೀರಿ ಕೆಮ್ಮಿದ್ದರೆ ಸಿರಪ್ ಬಾಟಲಿ ಕೊಡಬೇಡಿ. ಕಿಟಕಿ ತೆಗೆಯಿರಿ, ಕಫ ಪರೀಕ್ಷೆಗೆ ಜೊತೆಯಲ್ಲಿ ಹೋಗಿ ಬನ್ನಿ.